ಹೊಗೆಯಿಲ್ಲದ ಶಾಲೆ, ಕಚೇರಿ: ಬೋರ್ಡಿಗೂ ಮೊದಲು ಮಾಡಬೇಕಾದ ಕೆಲಸ

ಜುಲೈ ಮಳೆ ಹೇಗಿರುತ್ತದೆ ಎಂದು ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ನಾನು ಪಾಠ ಮಾಡುತ್ತಿದ್ದದ್ದು ಕುಮಟಾ ಕಡೆಯ ಒಂದು ಹೈಸ್ಕೂಲಿನಲ್ಲಿ. ಪಕ್ಕದಲ್ಲೇ ಒಂದು ಸರ್ಕಾರಿ ಕಚೇರಿ, ಎರಡಕ್ಕೂ ಒಂದೇ ಜಗುಲಿ. ಹನ್ನೊಂದು ಗಂಟೆಗೆ ಚಹಾ ಬಿಡುವು. ಬೇಸಿಗೆಯಲ್ಲಿ ಗೇಟಿನಾಚೆಯ ಗೂಡಂಗಡಿಗೆ ಹೋಗಿ ಸೇದುತ್ತಿದ್ದವರು ಮಳೆಗಾಲದಲ್ಲಿ ಜಗುಲಿಯಲ್ಲೇ ನಿಲ್ಲುತ್ತಿದ್ದರು. ಸಮುದ್ರದ ಕಡೆಯ ಗಾಳಿಗೆ ಹೊಗೆಯೆಲ್ಲ ಎಂಟನೇ ತರಗತಿಯ ಕಿಟಕಿಯಿಂದ ಒಳಗೆ ಬರುತ್ತಿತ್ತು. ಉಬ್ಬಸ ಇದ್ದ ಒಬ್ಬ ಹುಡುಗಿ ಕಿಟಕಿ ಪಕ್ಕದ ಬೆಂಚಿನಿಂದ ಎದ್ದು, ಚೀಲ ಎತ್ತಿಕೊಂಡು, ಆಚೆ ಗೋಡೆಯ ಬೆಂಚಿಗೆ ಹೋಗಿ ಕೂರುತ್ತಿದ್ದಳು. ಯಾರೂ ಹೇಳುತ್ತಿರಲಿಲ್ಲ. ದಿನಾ ಹನ್ನೊಂದಕ್ಕೆ ಅವಳೇ ಏಳುತ್ತಿದ್ದಳು.

ಆ ಜಗುಲಿಯ ಗೋಡೆಯ ಮೇಲೆ ‘ಧೂಮಪಾನ ನಿಷೇಧ’ ಎಂಬ ಬೋರ್ಡು ಇತ್ತು!

ಆ ಆವರಣ ಹೊಗೆಯಿಂದ ಬಿಡುಗಡೆಯಾಗಲು ಒಂದು ವರ್ಷ ಹಿಡಿಯಿತು. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾರವಾರದ ಕಚೇರಿಯಿರಲಿ, ಶಿರಸಿಯ ಶಾಲೆಯಿರಲಿ, ಕ್ರಮ ಇದೇ.

ಮೊದಲು ಕಾನೂನು ತಿಳಿದುಕೊಳ್ಳಿ

‘ನಮಗೆ ಅಧಿಕಾರ ಇದೆಯಾ?’ ಎಂಬ ಅನುಮಾನದಲ್ಲೇ ಅರ್ಧ ಜನ ಸುಮ್ಮನಾಗುತ್ತಾರೆ. ಅಧಿಕಾರ ಖಂಡಿತ ಇದೆ. 2003ರ ತಂಬಾಕು ನಿಯಂತ್ರಣ ಕಾಯ್ದೆ, ಅಂದರೆ ‘ಕೋಟ್ಪಾ’, ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ನಿಷೇಧಿಸಿದೆ. 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮದಲ್ಲಿ ಕೆಲಸದ ಜಾಗಗಳೂ ಸೇರಿವೆ. ದಂಡ ಮೊದಲು 200 ರೂಪಾಯಿವರೆಗೆ ಇತ್ತು. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ ಅದು 1,000 ರೂಪಾಯಿವರೆಗೆ ಏರಿದೆ. ತಂಬಾಕು ಕೊಳ್ಳುವ ವಯಸ್ಸನ್ನೂ 18ರಿಂದ 21ಕ್ಕೆ ಏರಿಸಲಾಗಿದೆ. ಸರ್ಕಾರಿ ನೌಕರರಿಗಂತೂ 2024ರ ನವೆಂಬರ್‌ನಲ್ಲಿ ಬೇರೆಯೇ ಸುತ್ತೋಲೆ ಬಂದಿದೆ. ಕಚೇರಿ ಮತ್ತು ಅದರ ಆವರಣದಲ್ಲಿ ಸಿಗರೇಟು, ಗುಟ್ಕಾ ಸೇರಿ ಯಾವ ತಂಬಾಕೂ ಬೇಡ, ಮೀರಿದರೆ ಶಿಸ್ತು ಕ್ರಮ ಎಂದು ಅದು ಹೇಳುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ದೂರು ಬಂದರೂ ಮುಖ್ಯಸ್ಥರು ಏನೂ ಮಾಡದಿದ್ದರೆ ದಂಡ ಅವರ ಮೇಲೆಯೇ ಬೀಳಬಹುದು. ‘ಹಿಂದೊಂದು ಸ್ಮೋಕಿಂಗ್ ಕೋಣೆ ಮಾಡಿಕೊಡೋಣ’ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ದೊಡ್ಡ ಹೋಟೆಲು, ವಿಮಾನ ನಿಲ್ದಾಣಗಳಿಗೆ ಇಟ್ಟ ವಿನಾಯಿತಿ ಅದು. ಶಾಲೆಗೂ ಸರ್ಕಾರಿ ಕಚೇರಿಗೂ ಅದು ಅನ್ವಯಿಸುವುದಿಲ್ಲ.

ಮೂರು ದಿನ ಸುತ್ತಾಡಿ

ಆಮೇಲಿನ ಕೆಲಸಕ್ಕೆ ಒಂದು ನೋಟ್‌ಬುಕ್ ಸಾಕು. ಬೆಳಿಗ್ಗೆ, ಚಹಾ ಬಿಡುವಿನಲ್ಲಿ, ಸಂಜೆ ಆವರಣವನ್ನು ಒಂದು ಸುತ್ತು ಹಾಕಿ. ಜೀಪ್ ಶೆಡ್ಡು, ಶೌಚಾಲಯದ ಹಿಂಭಾಗ, ಮಾಳಿಗೆ ಮೆಟ್ಟಿಲಿನ ಕೊನೆ, ರೆಕಾರ್ಡ್ ರೂಮಿನ ಪಕ್ಕ ಇವನ್ನು ಬಿಡಬೇಡಿ. ಸೇದುವವರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಹೊತ್ತಿಗೆ, ಯಾಕೆ ಅಲ್ಲೇ ಎಂದು ಬರೆದುಕೊಳ್ಳಿ. ನಮ್ಮಲ್ಲಿ ಸೂರಿನ ನೀರು ಬೀಳುವ ಚರಂಡಿಯಲ್ಲಿ ಬೀಡಿ ಮೋಟುಗಳು ಸಾಲಾಗಿ ಸಿಕ್ಕಿಕೊಂಡಿದ್ದವು. ನೀರಿಗೆ ಉಬ್ಬಿ, ಎಲೆ ಬಿಚ್ಚಿಕೊಂಡು, ಕಪ್ಪಗಾಗಿದ್ದವು. ಅವು ಜಾಸ್ತಿ ಇದ್ದದ್ದು ಬೋರ್ಡಿನ ಕೆಳಗೇ. ಕಟ್ಟಡದಲ್ಲಿ ಮಳೆ ಎರಚದ ಜಾಗ ಅದೊಂದೇ. ಅಂದರೆ ಅಲ್ಲಿ ಸೇದುತ್ತಿದ್ದವರು ಯಾರನ್ನೂ ಧಿಕ್ಕರಿಸಿ ನಿಂತವರಲ್ಲ, ಒಣ ಜಾಗ ಹುಡುಕಿ ಬಂದವರು. ಅದು ಗೊತ್ತಾದ ಮೇಲೆ ನಾವು ಅವರ ಹತ್ತಿರ ಮಾತಾಡುವ ರೀತಿಯೇ ಬದಲಾಯಿತು.

ಸೇದುವವರನ್ನೇ ಕೂರಿಸಿ ಮಾತಾಡಿ

ಈ ಹಂತ ತಪ್ಪಿಸಿದರೆ ಮುಂದಿನದೆಲ್ಲ ಕಾಗದದಲ್ಲೇ ಉಳಿಯುತ್ತದೆ. ಮುಖ್ಯಸ್ಥರು ಮೊದಲು ತಮ್ಮ ಕೋಣೆಯ ಆಶ್‌ಟ್ರೇ ತೆಗೆಸಬೇಕು. ನಿಯಮದ ಪ್ರಕಾರ ಆವರಣದಲ್ಲಿ ಎಲ್ಲೂ ಆಶ್‌ಟ್ರೇ, ಲೈಟರ್, ಕಡ್ಡಿಪೆಟ್ಟಿಗೆ ಇಟ್ಟುಕೊಡುವಂತಿಲ್ಲ. ಸಾಹೇಬರ ಕೋಣೆಯಲ್ಲಿ ವಾಸನೆ ಇದ್ದರೆ ಜವಾನರಿಗೆ ಯಾರು ಹೇಳುತ್ತಾರೆ? ಆಮೇಲೆ ಸೇದುವ ನೌಕರರನ್ನು ಕರೆದು ಅರ್ಧ ಗಂಟೆ ಕೂರಿಸಿ. ಬೈಯುವುದಕ್ಕಲ್ಲ, ಕೇಳುವುದಕ್ಕೆ. ದಿನಕ್ಕೆ ಎಷ್ಟು ಬೇಕಾಗುತ್ತದೆ, ಬಿಡಲು ಯಾವತ್ತಾದರೂ ನೋಡಿದ್ದೀರಾ, ಇಲ್ಲಿ ನಿಲ್ಲಿಸಿದರೆ ಯಾವ ಹೊತ್ತು ಕಷ್ಟ? ನಮ್ಮಲ್ಲಿ ಎಲ್ಲರೂ ಹೇಳಿದ್ದು ಒಂದೇ: ಹನ್ನೊಂದು ಗಂಟೆ. ಪಕ್ಕದ ಕಚೇರಿಯ ಗುಮಾಸ್ತರೊಬ್ಬರು, ‘ಮಾಸ್ತರೇ, ಬಿಡಬೇಕು ಅಂತ ಮೂರು ಸಲ ನೋಡಿದೆ, ಚಹಾ ಕುಡಿದ ಕೂಡಲೇ ಕೈ ಕಿಸೆಗೆ ಹೋಗ್ತದೆ’ ಎಂದರು. ಕೋಣೆಯಲ್ಲಿ ಯಾರೂ ನಗಲಿಲ್ಲ.

ಒಂದು ಪುಟದ ನಿಯಮ

ನಿಯಮ ಒಂದು ಪುಟ ದಾಟಬಾರದು, ಕನ್ನಡದಲ್ಲಿರಬೇಕು. ಯಾರಿಗೆಲ್ಲ ಅನ್ವಯ: ನೌಕರರು, ಪಾಲಕರು, ಅರ್ಜಿ ಹಿಡಿದು ಬರುವ ಜನ, ಗುತ್ತಿಗೆದಾರರು, ಚಾಲಕರು. ಎಲ್ಲೆಲ್ಲಿ: ಕಟ್ಟಡ, ಜಗುಲಿ, ಅಂಗಳ, ಆಟದ ಮೈದಾನ, ಕಚೇರಿಯ ವಾಹನ. ಏನೇನು: ಬೀಡಿ, ಸಿಗರೇಟು, ಜೊತೆಗೆ ದೇಶದಲ್ಲೇ 2019ರಿಂದ ನಿಷೇಧವಾಗಿರುವ ಇ-ಸಿಗರೇಟು. ಯಾರಿಗೆ ದೂರು ಹೇಳಬೇಕು, ಮೊದಲ ಸಲ ಏನು, ಮತ್ತೆ ಮಾಡಿದರೆ ಏನು, ಬಿಡಲು ಎಲ್ಲಿ ಸಹಾಯ ಸಿಗುತ್ತದೆ ಎಂಬುದೂ ಇರಲಿ. ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿ ಒಪ್ಪಿಗೆ ಪಡೆಯಿರಿ. ಕಚೇರಿಯಾದರೆ ನೌಕರರ ಸಂಘದವರನ್ನು ಸೇರಿಸಿಕೊಳ್ಳಿ. ಮೇ 31 ವಿಶ್ವ ತಂಬಾಕು ರಹಿತ ದಿನ. ಶಾಲೆ ಶುರುವಾಗುವ ಹೊತ್ತೂ ಅದೇ. ಘೋಷಣೆಗೆ ಇದಕ್ಕಿಂತ ಒಳ್ಳೆಯ ದಿನ ಇಲ್ಲ.

ಕವಳದ, ಅಂದರೆ ಎಲೆ-ಅಡಿಕೆ-ತಂಬಾಕಿನ, ಮಾತು ಬರಲೇಬೇಕು. ಘಟ್ಟದ ಮೇಲೂ ಕೆಳಗೂ ಕವಳದ ಬಟ್ಟಲು ಮುಂದಿಡುವುದು ಮರ್ಯಾದೆ. ಹಾಗಾಗಿ ಹೊಗೆಯನ್ನು ಮಾತ್ರ ನಿಲ್ಲಿಸಿದರೆ, ಸಿಗರೇಟು ಬಿಟ್ಟವರು ಎಲೆ-ತಂಬಾಕಿಗೆ ಹೋಗುತ್ತಾರೆ. ಮೆಟ್ಟಿಲಿನ ಮೂಲೆ ಕೆಂಪಾಗುತ್ತದೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರವೂ ಕರ್ನಾಟಕದಲ್ಲಿ ಸೇದುವವರಿಗಿಂತ ಜಗಿಯುವವರೇ ಜಾಸ್ತಿ. ಆದ್ದರಿಂದ ಜಗಿಯುವ ತಂಬಾಕನ್ನೂ ಅದೇ ಪುಟದಲ್ಲಿ ಬರೆಯಿರಿ. ಇದು ಅಡಿಕೆ ತೋಟದ ಊರು, ಮಾತು ತಂಬಾಕಿನ ಮೇಲೇ ಇರಲಿ, ಇಲ್ಲದಿದ್ದರೆ ಸಭೆ ಬೇರೆ ದಾರಿ ಹಿಡಿಯುತ್ತದೆ.

ಈಗ ಬೋರ್ಡು

ಬೋರ್ಡಿಗೆ ಅಳತೆ ಇದೆ: 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, ಬಿಳಿ ಹಿನ್ನೆಲೆ. ಪ್ರತಿ ಬಾಗಿಲಿನಲ್ಲಿ, ಪ್ರತಿ ಮಹಡಿಯಲ್ಲಿ, ಮೆಟ್ಟಿಲ ಹತ್ತಿರ ಹಾಕಬೇಕು. ದೂರು ಯಾರಿಗೆ ಹೇಳಬೇಕೋ ಅವರ ಹೆಸರು ಬರೆದಿರಬೇಕು. ಆ ಸಾಲನ್ನು ಖಾಲಿ ಬಿಟ್ಟ ಬೋರ್ಡುಗಳನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಶಾಲೆಗಳಿಗೆ ಕೇಂದ್ರದ ತಂಬಾಕು ಮುಕ್ತ ಶಿಕ್ಷಣ ಸಂಸ್ಥೆ ಮಾರ್ಗಸೂಚಿಯೂ ಇದೆ. ‘ತಂಬಾಕು ಮಾನಿಟರ್’ ನೇಮಿಸಬೇಕು, ಗೇಟಿನ ಹೊರಗೂ ಬೋರ್ಡು ಹಾಕಬೇಕು, ಶಾಲೆಯ ಸುತ್ತ ತಂಬಾಕು ಮಾರಾಟ ನಿಷೇಧದ ಗಡಿಗೆ ರಸ್ತೆಯ ಮೇಲೆ ಗೆರೆ ಎಳೆಯಬೇಕು. ನಮ್ಮ ರಾಜ್ಯದಲ್ಲಿ ಆ ಗಡಿ 100 ಮೀಟರ್. ಗೂಡಂಗಡಿಯವರ ಹತ್ತಿರ ಪೊಲೀಸರಿಗಿಂತ ಮೊದಲು ನೀವೇ ಹೋಗಿ ಮಾತಾಡಿ, ಅವರ ಮಕ್ಕಳೂ ನಿಮ್ಮ ಶಾಲೆಗೇ ಬರುತ್ತಾರೆ ಅಲ್ವಾ. ಕೇಳದಿದ್ದರೆ ಪಂಚಾಯಿತಿಗೆ ಬರೆಯಿರಿ. ಮಕ್ಕಳಿಗೆ ತಂಬಾಕು ಕೊಡುವುದು ಬಾಲನ್ಯಾಯ ಕಾಯ್ದೆಯ ಪ್ರಕಾರ 7 ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ ಎಂಬುದನ್ನೂ ಅವರಿಗೆ ತಿಳಿಸಿ.

ಹೇಳುವವರು ಯಾರು?

ಬೋರ್ಡಿನ ಮೇಲಿನ ಹೆಸರು ಜವಾನರದ್ದೋ ಅತಿಥಿ ಶಿಕ್ಷಕಿಯದ್ದೋ ಆಗಬಾರದು. ನಮ್ಮಲ್ಲಿ ಮೊದಲು ಆದ ತಪ್ಪು ಇದೇ. ತಾತ್ಕಾಲಿಕ ಕೆಲಸದ ಅಕ್ಕೋರು ಒಬ್ಬರಿಗೆ ಈ ಜವಾಬ್ದಾರಿ ಹೊರಿಸಿದ್ದರು. ತಮಗಿಂತ ಇಪ್ಪತ್ತು ವರ್ಷ ಹಿರಿಯರಾದ ಅಧಿಕಾರಿಗೆ ಅವರು ಹೇಗೆ ಹೇಳಬೇಕು? ಎರಡು ಸಲ ಹೇಳಿ, ಎರಡು ಸಲ ಮಾತು ಕೇಳಿ, ಅವರು ಜಗುಲಿಯ ಕಡೆಗೆ ಹೋಗುವುದನ್ನೇ ಬಿಟ್ಟರು. ಹೆಡ್‌ಮಾಸ್ತರು ತಮ್ಮದೇ ಹೆಸರು ಬರೆಸಿದ ದಿನದಿಂದ ವ್ಯತ್ಯಾಸ ಕಂಡಿತು. ಮಕ್ಕಳನ್ನಂತೂ ದೊಡ್ಡವರನ್ನು ತಡೆಯಲು ಕಳಿಸಲೇಬೇಡಿ.

ಹೇಳುವ ಮಾತು ಚಿಕ್ಕದಿರಲಿ: ‘ಇಲ್ಲಿ ಸೇದುವ ಹಾಗಿಲ್ಲ, ಮಕ್ಕಳಿದ್ದಾರೆ, ದಯವಿಟ್ಟು ಆರಿಸಿ.’ ಹೊರಗಿನಿಂದ ಬಂದವರಲ್ಲಿ ಹೆಚ್ಚಿನವರು ಅಷ್ಟಕ್ಕೇ ಆರಿಸುತ್ತಾರೆ. ಕೇಳದವರಿಗೆ ದಂಡ ಹಾಕಿ ರಸೀದಿ ಕೊಡಿ. ಮುಖ್ಯೋಪಾಧ್ಯಾಯರಿಗೆ ಆ ಅಧಿಕಾರ ಇದೆ. ರಸೀದಿ ಪುಸ್ತಕಕ್ಕೂ ತರಬೇತಿಗೂ ಜಿಲ್ಲಾ ತಂಬಾಕು ನಿಯಂತ್ರಣ ಕೋಶವನ್ನು ಕೇಳಿ.

ಬಿಡುವವರ ಕೈ ಹಿಡಿಯಿರಿ

ಮೊದಲ ವಾರ ಕಷ್ಟದ್ದು. ಸಿಟ್ಟು ಬರುತ್ತದೆ, ನಿದ್ದೆ ಕೆಡುತ್ತದೆ. ಆದರೆ ಸೇದಬೇಕೆಂಬ ಒಂದೊಂದು ತುಡಿತ ಕೆಲವೇ ನಿಮಿಷ ಇರುತ್ತದೆ, ಅಷ್ಟು ಹೊತ್ತು ದಾಟಿಸಿದರೆ ಸಾಕು. ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದರೆ ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಈ ನಂಬರನ್ನು ಹಾಜರಿ ಪುಸ್ತಕದ ಪಕ್ಕದ ಗೋಡೆಗೆ ಅಂಟಿಸಿ, ದಿನಾ ಕಣ್ಣಿಗೆ ಬೀಳುತ್ತದೆ. ಆ ಗುಮಾಸ್ತರಿಗಾಗಿ ನಾವು ಹನ್ನೊಂದರ ಚಹಾವನ್ನೇ ಬದಲಿಸಿದೆವು. ಜಗುಲಿಯಲ್ಲಿ ಒಬ್ಬರೇ ಕುಡಿಯುತ್ತಿದ್ದವರನ್ನು ಸ್ಟಾಫ್ ರೂಮಿಗೆ ಕರೆದು, ಲೋಟದಲ್ಲಿ ಕೋಕಂ ಶರಬತ್ತು ಕೊಟ್ಟು, ಗಂಟೆ ಹೊಡೆಯುವವರೆಗೆ ಜೊತೆಗೆ ಕೂತೆವು. ಅವರು ಒಂದು ಸಲ ಮತ್ತೆ ಶುರು ಮಾಡಿದರು, ಮತ್ತೆ ಬಿಟ್ಟರು. ಹಾಗೆ ಎಡವಿದವರನ್ನು ಎಲ್ಲರೆದುರು ಆಡಿಕೊಳ್ಳಬೇಡಿ.

ಬಿಡಲು ಇನ್ನೂ ಆಗದವರಿಗಾಗಿ ಬಾಗಿಲ ಪಕ್ಕ ನಾಲ್ಕು ಕೊಡೆ ಇಡಿಸಿದೆವು. ಮಳೆ ಬಂದರೂ ಗೇಟು ದಾಟಿ, ಮಕ್ಕಳ ಕಣ್ಣಿಗೆ ಬೀಳದಷ್ಟು ದೂರ ಹೋಗಿ ಬರಲಿ ಎಂದು. ಖರ್ಚು ಅಷ್ಟೇ.

ತಿಂಗಳಿಗೊಮ್ಮೆ ಅದೇ ನೋಟ್‌ಬುಕ್ ಹಿಡಿದು ಅದೇ ಸುತ್ತು ಹಾಕಿ, ಮೋಟುಗಳನ್ನು ಎಣಿಸಿ ಬರೆಯಿರಿ. ಬೇಸಿಗೆಯ ಲೆಕ್ಕ ನಂಬಬೇಡಿ. ಮುಂದಿನ ಜುಲೈನಲ್ಲಿ, ಜೋರು ಮಳೆಯ ದಿನ, ಹನ್ನೊಂದು ಗಂಟೆಗೆ ಜಗುಲಿಗೆ ಹೋಗಿ ನಿಂತು, ಕಿಟಕಿ ಪಕ್ಕದ ಬೆಂಚಿನಲ್ಲಿ ಯಾರು ಕೂತಿದ್ದಾರೆ ಎಂದು ನೋಡಿ.