ಮಕ್ಕಳ ಕೈಗೊಂದು ಜಮಾ-ಖರ್ಚಿನ ಪುಸ್ತಕ

ಮೂರನೇ ತರಗತಿಯಲ್ಲಿ ಓದುವ ಮೊಮ್ಮಗಳು ಹೋದ ವರ್ಷ ಒಂದು ಸಂಜೆ 52ರಲ್ಲಿ 37 ಕಳೆದು 25 ಎಂದು ಬರೆದಿದ್ದಳು. ಎರಡರಲ್ಲಿ ಏಳು ಹೋಗುವುದಿಲ್ಲವಲ್ಲ, ಅದಕ್ಕೆ ಏಳರಲ್ಲಿ ಎರಡನ್ನು ಕಳೆದುಬಿಟ್ಟಿದ್ದಳು. ಅವಳ ತಾಯಿ ಎರಡು ಸಲ ಹೇಳಿಕೊಟ್ಟು, ಮೂರನೆಯ ಸಲ ಬೈದು ಒಳಗೆ ಹೋಗಿದ್ದಳು. ನಾನು ಹತ್ತು ರೂಪಾಯಿಯ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ತಂದು ಮಗುವಿನ ಮುಂದಿಟ್ಟೆ. "ನಾನು ಅಂಗಡಿಯವನು, ನನಗೆ 37 ರೂಪಾಯಿ ಕೊಡವ್ವ" ಎಂದೆ. ಮೂರು ನೋಟು ಕೊಟ್ಟಳು. ಉಳಿದ ಏಳು ರೂಪಾಯಿಗೆ ತನ್ನ ಎರಡು ನಾಣ್ಯಗಳನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. "ಚಿಲ್ಲರೆ ಸಾಲುವುದಿಲ್ಲ ಮುತ್ಯಾ." "ಹಾಗಾದರೆ ಏನು ಮಾಡಬೇಕು?" "ನೋಟು ಮುರಿಸಬೇಕು." ಒಂದು ನೋಟನ್ನು ನನ್ನ ಡಬ್ಬಿಗೆ ಹಾಕಿ ಹತ್ತು ನಾಣ್ಯ ಎಣಿಸಿಕೊಂಡಳು. ಈಗ ಅವಳ ಬಳಿ ಹನ್ನೆರಡು ನಾಣ್ಯ; ಏಳು ನನಗೆ ಕೊಟ್ಟಳು, ಐದು ಉಳಿದವು, ಪಕ್ಕದಲ್ಲಿ ಒಂದು ನೋಟು. ನಾನು ಏನೂ ಹೇಳಲಿಲ್ಲ. ರಬ್ಬರು ಹುಡುಕಿ 25ನ್ನು ತಾನೇ ಅಳಿಸಿದಳು.

ನಾನು ಶಾಲೆಯಲ್ಲಿ ಪಾಠ ಹೇಳಿದವನಲ್ಲ. ಕಲಬುರಗಿಯ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಒಂದು ದಲಾಲಿ ಅಂಗಡಿಯ ಗುಮಾಸ್ತನಾಗಿ 38 ವರ್ಷ ತೊಗರಿ, ಜೋಳ, ಕುಸುಬೆಯ ಲೆಕ್ಕ ಬರೆದವನು. ಆದರೆ ಮನೆಯಲ್ಲಿ ಮಕ್ಕಳು, ಮೊಮ್ಮಕ್ಕಳು ಲೆಕ್ಕಕ್ಕೆ ಹೆದರಿ ಕುಳಿತಾಗ ನನಗೆ ಒದಗಿಬಂದದ್ದು ಆ ಗುಮಾಸ್ತಿಕೆಯೇ. ಆ ಅನುಭವದಿಂದಲೇ ನಾಲ್ಕು ಮಾತು ಹೇಳುತ್ತೇನೆ.

ಮೊದಲು ಮನೆಯಲ್ಲಿ ಒಂದು ಡಬ್ಬಿ ಮಾಡಿಡಿ. ಒಂದು ರೂಪಾಯಿಯ ಇಪ್ಪತ್ತು ನಾಣ್ಯ, ಹತ್ತರ ಹತ್ತು ನೋಟು, ನೂರರ ಒಂದು ನೋಟು ಅದರಲ್ಲಿರಲಿ. ಒಂದನೇ, ಎರಡನೇ ತರಗತಿಯ ಮಗುವಿಗೆ ಇಷ್ಟೇ ಸಾಕು. ಎರಡು, ಐದು, ಇಪ್ಪತ್ತು, ಐವತ್ತು ಯಾವುದನ್ನೂ ಆಗಲೇ ಬೆರೆಸಬೇಡಿ. ಪುಸ್ತಕದಲ್ಲಿ ಬಿಡಿ, ಹತ್ತು, ನೂರು ಎಂದು ಮೂರು ಮನೆ ಹಾಕಿರುತ್ತಾರಲ್ಲ, ಆ ಮೂರೂ ಈ ಡಬ್ಬಿಯಲ್ಲಿವೆ. ಹತ್ತು ನಾಣ್ಯ ಕೂಡಿದರೆ ಒಂದು ನೋಟು, ಹತ್ತು ನೋಟು ಕೂಡಿದರೆ ನೂರರ ಒಂದು ನೋಟು ಎಂಬುದನ್ನು ಮಗು ದಿನಕ್ಕೆ ಐದು ನಿಮಿಷ ಅದಲು ಬದಲು ಮಾಡುತ್ತಾ ಆಡಲಿ. ಇಲ್ಲಿ ಹತ್ತು ರೂಪಾಯಿಯ ನಾಣ್ಯ ಬೇಡ, ನೋಟೇ ಇರಲಿ. ನಾಣ್ಯವೆಂದರೆ ಬಿಡಿ, ನೋಟೆಂದರೆ ಹತ್ತು ಎಂದು ಕಣ್ಣಿಗೆ ಬೇಗ ಹಿಡಿಯುತ್ತದೆ.

ಮೂರನೇ ತರಗತಿಗೆ ಬಂದ ಮೇಲೆ ವಾರದ ಹಣ ಶುರು ಮಾಡಿ. ನಮ್ಮ ಮನೆಯಲ್ಲಿ ಭಾನುವಾರ ಬೆಳಗ್ಗೆ 30 ರೂಪಾಯಿ. ನಿಮ್ಮ ಮನೆಗೆ ಹತ್ತು ಸರಿಯೆನಿಸಿದರೆ ಹತ್ತೇ ಕೊಡಿ. ಆದರೆ ದಿನ ತಪ್ಪಬಾರದು, ನಡುವೆ ಖರ್ಚಾಗಿ ಹೋದರೆ ಮತ್ತೆ ತುಂಬಬಾರದು. ಬುಧವಾರಕ್ಕೇ ಕೈ ಖಾಲಿಯಾದ ಮಗು ಶನಿವಾರದವರೆಗೆ ದಿನ ಎಣಿಸಿದರೆ ಮುಂದಿನ ವಾರ 30ನ್ನು ಇಡೀ ವಾರಕ್ಕೆ ಹಂಚಿಕೊಳ್ಳುವುದನ್ನು ತಾನಾಗಿಯೇ ಕಲಿಯುತ್ತದೆ. ಅಂಕ ಹೆಚ್ಚು ಬಂದರೆ ಹಣ, ಕಸ ಗುಡಿಸಿದರೆ ಹಣ ಎಂಬುದು ನನಗೆ ಒಪ್ಪಿಗೆಯಿಲ್ಲ. ಮನೆಗೆಲಸ ಎಲ್ಲರದ್ದು, ಅದಕ್ಕೆ ಕೂಲಿ ಇಲ್ಲ.

ಹಣದ ಜೊತೆಗೆ ಒಂದು ಪುಸ್ತಕ ಕೊಡಿ. ಉದ್ದನೆಯ ನೂರು ಪುಟದ ಪುಸ್ತಕವಾದರೆ ಒಳ್ಳೆಯದು. ಎಡಗಡೆ ತಾರೀಖು ಮತ್ತು ವಿವರ, ಬಲಗಡೆ ಜಮಾ, ಖರ್ಚು, ಶಿಲ್ಕು ಎಂದು ಮೂರು ಗೆರೆ. ಬಂದದ್ದು ಜಮಾ, ಹೋದದ್ದು ಖರ್ಚು, ಉಳಿದದ್ದು ಶಿಲ್ಕು. ರಾತ್ರಿ ಊಟಕ್ಕೆ ಮುಂಚೆ ಪುಸ್ತಕದ ಶಿಲ್ಕಿಗೂ ಡಬ್ಬಿಯ ಹಣಕ್ಕೂ ತಾಳೆ ನೋಡಬೇಕು. ನಮ್ಮ ಅಂಗಡಿಯಲ್ಲಿ ಶಿಲ್ಕು ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ನಾಲ್ಕಾಣೆ ವ್ಯತ್ಯಾಸಕ್ಕೆ ರಾತ್ರಿ ಹತ್ತರವರೆಗೆ ಕುಳಿತದ್ದಿದೆ. ಮಕ್ಕಳಿಗೆ ಅಷ್ಟು ಕಟ್ಟುನಿಟ್ಟು ಬೇಡ, ಆದರೆ ಎಣಿಸದೆ ಮಲಗುವ ರೂಢಿಯೂ ಬೇಡ.

ಇದರಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಒಂದು ಶನಿವಾರ ಮೊಮ್ಮಗಳ ಪುಸ್ತಕದಲ್ಲಿ ಶಿಲ್ಕು 14 ಇತ್ತು, ಡಬ್ಬಿಯಲ್ಲಿ 11. ಮೂರು ಸಲ ಎಣಿಸಿ ಅಳಲು ಶುರು ಮಾಡಿದಳು. ನನಗೆ ನೋಡಲಾಗಲಿಲ್ಲ. ಅವಳು ನೀರು ಕುಡಿಯಲು ಎದ್ದಾಗ ಮೂರು ನಾಣ್ಯ ಮೆಲ್ಲಗೆ ಡಬ್ಬಿಗೆ ಹಾಕಿದೆ. ಬಂದು ಎಣಿಸಿ, ಸರಿಯಾಯಿತು ಎಂದು ನಕ್ಕು ಮಲಗಿದಳು. ಮರುದಿನ ಚೀಲದ ತಳದಲ್ಲಿ ಹೊಸ ರಬ್ಬರು ಸಿಕ್ಕಿತು. ಶುಕ್ರವಾರ ಮೂರು ರೂಪಾಯಿಗೆ ಕೊಂಡದ್ದು, ಬರೆಯುವುದನ್ನು ಮರೆತಿದ್ದಳು. ಕೂಡಲೇ ಪುಸ್ತಕ ತೆರೆದು ಖರ್ಚು 3 ಎಂದು ಬರೆದಳು, ಶಿಲ್ಕು 11 ಆಯಿತು. ಡಬ್ಬಿಯಲ್ಲಿ 14! "ಈ ಮೂರು ರೂಪಾಯಿ ಎಲ್ಲಿಂದ ಬಂತು ಮುತ್ಯಾ?" ಎಂದು ಕೇಳಿದಳು. ನಾನು ಹಾಕಿದ್ದು ಎಂದು ಒಪ್ಪಿಕೊಂಡೆ. ಆ ಮಗುವಿಗೆ ಕೋಪವೇನೂ ಬರಲಿಲ್ಲ. ಜಮಾದಲ್ಲಿ 'ಮುತ್ಯಾ ಕೊಟ್ಟದ್ದು 3', ಅದರ ಕೆಳಗೆ ಖರ್ಚಿನಲ್ಲಿ 'ಮುತ್ಯಾನಿಗೆ ವಾಪಸು 3' ಎಂದು ಬರೆದು ಮೂರು ನಾಣ್ಯಗಳನ್ನು ನನ್ನ ಅಂಗೈಗೆ ಹಾಕಿದಳು.

ಅಂದಿನಿಂದ ನಾನು ಯಾರ ಡಬ್ಬಿಗೂ ಕೈ ಹಾಕುವುದಿಲ್ಲ. ನೀವೂ ಹಾಕಬೇಡಿ. ಮಗು ತನ್ನ ತಪ್ಪನ್ನು ತಾನೇ ಹುಡುಕಿಕೊಳ್ಳಲು ದಾರಿಯಿರುವ ಲೆಕ್ಕ ಇದು. ಕೆಂಪು ಶಾಯಿಯ ಗೀಟು ಇಲ್ಲಿ ಬೇಕಿಲ್ಲ. ಎಷ್ಟು ಹುಡುಕಿದರೂ ಸಿಗದಿದ್ದರೆ ಖರ್ಚಿನಲ್ಲಿ 'ಲೆಕ್ಕಕ್ಕೆ ಸಿಗದ್ದು 3' ಎಂದು ಬರೆದು ಮುಂದೆ ಹೋಗಲಿ. ಬೈಯಬೇಡಿ. ಬೈದರೆ ಮಗು ಲೆಕ್ಕ ಕಲಿಯುವುದಿಲ್ಲ, ಖರ್ಚನ್ನು ಮುಚ್ಚಿಡುವುದನ್ನು ಕಲಿಯುತ್ತದೆ.

ಈಗ ಎಲ್ಲ ಅಂಗಡಿಗಳಲ್ಲೂ ಮೊಬೈಲ್ ತೋರಿಸಿ ಹಣ ಕೊಡುತ್ತೇವೆ. ಅನುಕೂಲ ಹೌದು. ಆದರೆ ಕಳೆಯುವ ಲೆಕ್ಕವನ್ನು ಯಂತ್ರ ಮಾಡಿಬಿಡುತ್ತದೆ, ಮಗುವಿನ ಕಣ್ಣಿಗೆ ಏನೂ ಬೀಳುವುದಿಲ್ಲ. ಐದನೇ ತರಗತಿ ಮುಗಿಯುವವರೆಗಾದರೂ ಮಕ್ಕಳನ್ನು ಅಂಗಡಿಗೆ ಕಳುಹಿಸುವಾಗ ಕೈಯಲ್ಲಿ ನಗದು ಕೊಡಿ. ಕಿರಾಣಿ ಅಂಗಡಿಯವರು ಚಿಲ್ಲರೆ ಕೊಡುವ ರೀತಿಯನ್ನು ನೋಡಲು ಹೇಳಿ. 37 ರೂಪಾಯಿಯ ಸಾಮಾನಿಗೆ 50 ಕೊಟ್ಟರೆ ಅವರು ಕಳೆಯುತ್ತಾ ಕುಳಿತುಕೊಳ್ಳುವುದಿಲ್ಲ. 37ಕ್ಕೆ ಮೂರು ಸೇರಿಸಿದರೆ 40, ಇನ್ನೊಂದು ಹತ್ತಕ್ಕೆ 50 ಎಂದು ಹದಿಮೂರನ್ನು ಕೈಗಿಡುತ್ತಾರೆ.

ತರಕಾರಿ ತರಲು ಸೂಪರ್ ಮಾರ್ಕೆಟ್ಟಿಗೆ (ನಮ್ಮೂರ ತರಕಾರಿ ಪೇಟೆಗೆ ಅದೇ ಹೆಸರು) ಹೋಗುವಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ನಮ್ಮ ಭಾಗದ ಬಾಯಿಲೆಕ್ಕ ಅಲ್ಲಿ ಇನ್ನೂ ಉಳಿದಿದೆ. ಬದನೆಕಾಯಿ ಕಿಲೋಗೆ 40 ಎಂದರೆ ಪಾವ್ (ಕಾಲು) ಕಿಲೋ 10, ಅರ್ಧ 20, ಮುಕ್ಕಾಲು 30, ಸವ್ವಾ (ಒಂದೂಕಾಲು) 50, ದೀಡ (ಒಂದೂವರೆ) 60, ಅಡೀಚ (ಎರಡೂವರೆ) ಕಿಲೋ 100. ಭಿನ್ನರಾಶಿ ಎಂದರೆ ಹೆದರುವ ಮಗು ಪಾವ್ ಕಿಲೋಗೆ ಹೆದರುವುದಿಲ್ಲ. ಕಾಲು, ಅರ್ಧ, ಮುಕ್ಕಾಲು ಬಾಯಿಗೆ ಬಂದ ಮೇಲೆ ಅದನ್ನೇ ಪುಸ್ತಕದಲ್ಲಿ ಒಂದರ ಕೆಳಗೆ ಒಂದು ಬರೆದು ತೋರಿಸಿ. ದಶಾಂಶ ಮಾತ್ರ ಈಗ ಕಷ್ಟ. 25 ಪೈಸೆಯ ನಾಣ್ಯ 2011ರಲ್ಲಿಯೇ ನಿಂತುಹೋಯಿತು, 50 ಪೈಸೆಯನ್ನು ಕಾನೂನು ಒಪ್ಪಿದರೂ ಅಂಗಡಿಗಳು ಒಪ್ಪುತ್ತಿಲ್ಲ. ಪೈಸೆಯನ್ನು ಮಗು ಕಾಣುವುದೇ ಇಲ್ಲ. ಹಾಗಾಗಿ ತೂಕ ಮಾಡಿ ಕೊಟ್ಟ ಸಾಮಾನಿನ ಬಿಲ್ಲುಗಳನ್ನು ಎಸೆಯದೆ ಇಟ್ಟುಕೊಳ್ಳಿ. ಚುಕ್ಕೆಯ ಬಲಗಡೆಯ ಅಂಕಿಗಳು ಅಲ್ಲಿ ಸಿಗುತ್ತವೆ.

ನಮ್ಮ ಆಯಿ, ಅಂದರೆ ಅಜ್ಜಿ, ಶಾಲೆಯ ಮುಖ ನೋಡಿದವಳಲ್ಲ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೂ ಕೆಲವು ವರ್ಷ ಇಲ್ಲಿ ನಿಜಾಮರ ಹಾಲಿ ಸಿಕ್ಕಾ, ಭಾರತ ಸರ್ಕಾರದ ಕಲ್ದಾರ್ ಎಂಬ ಎರಡು ಬಗೆಯ ರೂಪಾಯಿ ನಡೆಯುತ್ತಿದ್ದವು. ಏಳು ಹಾಲಿಗೆ ಆರು ಕಲ್ದಾರ್. ಸೊಲ್ಲಾಪುರದ ಕಡೆಯ ವ್ಯಾಪಾರಿ ಬಂದರೆ ಆಯಿ ಹುಣಸೆ ಬೀಜಗಳನ್ನು ಏಳೇಳರ ಗುಂಪು ಮಾಡಿ, ಪ್ರತಿ ಗುಂಪಿನಿಂದ ಒಂದೊಂದು ಬೀಜ ಎತ್ತಿ ಪಕ್ಕಕ್ಕಿಡುತ್ತಿದ್ದಳಂತೆ. ಉಳಿದ ಬೀಜ ಎಷ್ಟೋ ಅಷ್ಟು ಕಲ್ದಾರ್. 42 ಹಾಲಿಗೆ 36. ಐದನೇ ತರಗತಿಯ ಮೊಮ್ಮಗನಿಗೆ ಅನುಪಾತವನ್ನು ನಾನು ಈ ಬೀಜಗಳಿಂದಲೇ ಹೇಳಿಕೊಟ್ಟೆ.

ದೊಡ್ಡ ಖರ್ಚಿನ ಅಂದಾಜು ಕಲಿಸಲು ಹೋಳಿ ಮುಗಿದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆಗಿಂತ ಒಳ್ಳೆಯ ಸಮಯವಿಲ್ಲ. ಈ ಸಲ ಮೊಮ್ಮಗಳಿಗೆ 200 ರೂಪಾಯಿ ಕೊಟ್ಟು, ಹಿಂದಿನ ದಿನವೇ ಯಾದಿ ಬರೆ ಎಂದೆ. ತೊಟ್ಟಿಲು 60, ಭಜಿ 40, ಬಳೆ 50, ತಮ್ಮನಿಗೆ ಆಟಿಕೆ 80, ಬೆಂಡು-ಬತ್ತಾಸು 30. ಕೂಡಿದರೆ 260. ಬಹಳ ಹೊತ್ತು ಯೋಚಿಸಿ ತೊಟ್ಟಿಲನ್ನು ಹೊಡೆದುಹಾಕಿದಳು. ಮರುದಿನ ತೊಟ್ಟಿಲ ಕೆಳಗೆ ನಿಂತಾಗ ಮನಸ್ಸು ತಡೆಯಲಿಲ್ಲ. ಬೆರಳು ಮಡಚಿ ಎಣಿಸಿದಳು. ಭಜಿ ಬಿಟ್ಟರೆ 40, ಬತ್ತಾಸು 30ರ ಬದಲು 10ರದ್ದು ಕೊಂಡರೆ 20, ಅಲ್ಲಿಗೆ 60. ಏರಿ ಕುಳಿತಳು. ತಮ್ಮನ ಆಟಿಕೆಯ ಹಣವನ್ನು ಮುಟ್ಟಲಿಲ್ಲ. ಅದನ್ನು ನಾನು ಹೇಳಿರಲಿಲ್ಲ.

ನಾಲ್ಕು, ಐದನೇ ತರಗತಿಯವರಿಗೆ ಜೆಸ್ಕಾಂನ ಕರೆಂಟ್ ಮೀಟರ್ ತೋರಿಸಿ. ದಿನಾ ಬೆಳಗ್ಗೆ ಅಂಕಿ ಬರೆದುಕೊಂಡು ನಿನ್ನೆಯದನ್ನು ಕಳೆಯಲಿ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಾವೇ ಕಟ್ಟಬೇಕು. 200ನ್ನು 30 ದಿನಕ್ಕೆ ಭಾಗಿಸಿದರೆ 6, ಶೇಷ 20. ಆ ಶೇಷ ಎಂದರೇನು ಎಂದು ಮೊಮ್ಮಗ ಕೇಳಿದ್ದ. ಇಪ್ಪತ್ತು ದಿನ ಏಳು ಯೂನಿಟ್ ಬಳಸಬಹುದು, ಹತ್ತು ದಿನ ಆರೇ ಎಂದೆ. ಈಗ ಏಪ್ರಿಲ್ ಬಂದರೆ ಕೂಲರ್ ಯಾವ ದಿನ ಎಷ್ಟು ಹೊತ್ತು ಓಡಬೇಕೆಂದು ಅವನೇ ಗೋಡೆಗೆ ಬರೆದು ಅಂಟಿಸುತ್ತಾನೆ. ಹತ್ತು ವರ್ಷ ತುಂಬಿದ ಮಗು ಅಂಚೆ ಕಚೇರಿಯಲ್ಲಿ ತನ್ನ ಹೆಸರಿನಲ್ಲೇ ಉಳಿತಾಯ ಖಾತೆ ತೆರೆದು ತಾನೇ ನಡೆಸಬಹುದು. 500 ರೂಪಾಯಿ ಇಟ್ಟರೆ ಶೇಕಡಾ 4ರಂತೆ ವರ್ಷಕ್ಕೆ 20 ರೂಪಾಯಿ. ಶೇಕಡಾ ಎಂಬ ಪಾಠಕ್ಕೆ ಆ ಪಾಸ್‌ಬುಕ್ ಸಾಕು.

ವಾರಕ್ಕೆ ಹತ್ತು ರೂಪಾಯಿ ಕೊಡುವುದೂ ಆಗದ ಮನೆಗಳಿವೆ, ನಾನೂ ಅಂಥ ಮನೆಯಲ್ಲೇ ಬೆಳೆದವನು. ಆಗ ಮಗುವಿಗೆ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದ ಕೆಲಸ ಕೊಡಿ. ತಂದ ಸಾಮಾನನ್ನು ಅಂದೇ ಮನೆಯ ಪುಸ್ತಕದಲ್ಲಿ ಬರೆಯುವುದು, ತಿಂಗಳ ಕೊನೆಗೆ ಕೂಡುವುದು, ಅಂಗಡಿಯ ಮೊತ್ತಕ್ಕೆ ತಾಳೆ ನೋಡುವುದು. ಅಲ್ಲಿಗೇ ನಿಲ್ಲಿಸಿ, ಇಷ್ಟು ಸಾಲವಾಯಿತಲ್ಲ ಎಂಬ ನಿಟ್ಟುಸಿರನ್ನು ಮಗುವಿನ ಮುಂದೆ ಬಿಡಬೇಡಿ. ಸಾಲದ ಚಿಂತೆ ದೊಡ್ಡವರದು.

ಗಂಜಿನಲ್ಲಿ ದೀಪಾವಳಿಗೆ ಹೊಸ ಖಾತೆ ಪುಸ್ತಕಗಳಿಗೆ ಪೂಜೆ ಮಾಡುತ್ತಿದ್ದೆವು. ಹೋದ ದೀಪಾವಳಿಯಲ್ಲಿ ಮೊಮ್ಮಗಳ ಪುಸ್ತಕವೂ ಮುಗಿದಿತ್ತು. ಹೊಸದಕ್ಕೆ ಅರಿಶಿನ ಕುಂಕುಮ ಹಚ್ಚಿ ಲಕ್ಷ್ಮಿಯ ಮುಂದಿಟ್ಟಳು. ಆರತಿ ಆದ ಮೇಲೆ ಹಳೆಯ ಪುಸ್ತಕದ ಕೊನೆಯ ಪುಟ ತೆರೆದು, ಡಬ್ಬಿಯ ಹಣ ಎಣಿಸಿ, ಹೊಸ ಪುಸ್ತಕದ ಮೊದಲ ಸಾಲಿನಲ್ಲಿ 'ಹಿಂದಿನ ಶಿಲ್ಕು 46' ಎಂದು ಬರೆದಳು.