ಕಪ್ಪೆ ಅಂಡಾಶಯದಲ್ಲಿ ಹಿಸ್ಟೋನ್ ಎಂಆರ್‌ಎನ್‌ಎ ಹುಡುಕಿದ್ದು – ನನ್ನ ಅನುಭವ

ಆರ್‌ಎನ್‌ಎ ಕೆಲಸ ಮಾಡೋರಿಗೆಲ್ಲ ಒಂದು ಚಾಳಿ ಇರತ್ತೆ, ಎಂಆರ್‌ಎನ್‌ಎ (ಪ್ರೋಟೀನ್ ಮಾಡೋ ಸಂದೇಶ ಹೊತ್ತ ಜೀನಿನ ಪ್ರತಿ) ಬೇಕು ಅಂದ ತಕ್ಷಣ ಕೈ ಆಲಿಗೋ-ಡಿಟಿ (ಬರೀ ಟಿ ಬೇಸಿನ ಚಿಕ್ಕ ಡಿಎನ್‌ಎ) ಕಾಲಂ ಕಡೆ ಹೋಗತ್ತೆ, ಪಾಲಿ-ಎ ಬಾಲ (ತುದೀಲಿ ಬರೀ ಎ ಬೇಸಿನ ಸಾಲು) ಇರೋದು ಅಂಟ್ಕೊಳತ್ತೆ, ಮಿಕ್ಕಿದ್ದು ಹರಿದು ಹೋಗತ್ತೆ. ಹಿಸ್ಟೋನ್ (ಡಿಎನ್‌ಎ ಸುತ್ತಿಕೊಳ್ಳೋ ಪ್ರೋಟೀನ್) ಎಂಆರ್‌ಎನ್‌ಎ ಹುಡುಕೋರು ಹಂಗೆ ಮಾಡಿದ್ರೆ ಬೇಕಾಗಿದ್ದೇ ಹರಿದು ಹೋಗತ್ತೆ. ಪ್ರಾಣಿಗಳಲ್ಲಿ ಸಾಮಾನ್ಯ ಹಿಸ್ಟೋನ್ ಎಂಆರ್‌ಎನ್‌ಎಗೆ ಬಾಲ ಇರಲ್ಲ, ತುದೀಲಿ ಹೇರ್‌ಪಿನ್ ಥರ ಒಂದು ಮಡಿಕೆ ಇರತ್ತೆ ಅಷ್ಟೆ. ಕಪ್ಪೆ ಅಂಡಾಶಯದ್ದಂತೂ ಇನ್ನೂ ತರ್ಲೆ, ಅಲ್ಲಿ ಸ್ವಲ್ಪಕ್ಕೆ ಬಾಲ ಉಂಟು ಸ್ವಲ್ಪಕ್ಕೆ ಇಲ್ಲ. ಲೆವೆನ್ಸನ್ ಮತ್ತು ಮಾರ್ಕು 1976ರಲ್ಲೇ ಇದನ್ನ ಪ್ರಕಟಿಸಿದ್ರು, ಆದ್ರೂ ಇವತ್ತಿಗೂ ಎಷ್ಟೋ ಜನ ಪಾಲಿ-ಎ ಕಿಟ್ ಹಾಕಿ ಸೀಕ್ವೆನ್ಸಿಂಗ್ ಮಾಡ್ಸಿ ಹಿಸ್ಟೋನೇ ಕಾಣಲ್ವಲ್ಲ ಅಂತಾರೆ.

ನಾನು ಇದನ್ನ ಮಾಡಿದ್ದು ಇಂಗ್ಲೆಂಡಲ್ಲಿ ಪೋಸ್ಟ್‌ಡಾಕ್ ಆಗಿದ್ದಾಗ. ಕಪ್ಪೆ ಅಂದ್ರೆ ನಮ್ಮ ಗದ್ದೆ ಕಪ್ಪೆ ಅಲ್ಲ, ಝೆನೋಪಸ್ ಲೇವಿಸ್, ಆಫ್ರಿಕಾದ ದಕ್ಷಿಣದ ಕಡೆಯದು, ಹಿಂಗಾಲಲ್ಲಿ ಉಗುರು, ಬಾಯಲ್ಲಿ ನಾಲಿಗೆ ಇಲ್ಲ, ನೀರು ಬಿಟ್ಟು ಬರೋದೇ ಅಪರೂಪ. ಇದರ ಮೊಟ್ಟೆ ಫಲಿಸಿದ ಮೇಲೆ ಮೊದಲ ಸಲ ಸೀಳೋಕೆ ಸುಮಾರು ಒಂದೂವರೆ ಗಂಟೆ, ಆಮೇಲೆ ಅರ್ಧ ಗಂಟೆಗೊಂದು ಸಲ ಅಂತ 12 ಸಲ ಸೀಳಿ 4000 ಜೀವಕೋಶ ಆಗೋವರೆಗೂ ಭ್ರೂಣದ ಸ್ವಂತ ಜೀನ್‌ಗಳು ಹೆಚ್ಚುಕಮ್ಮಿ ಸುಮ್ನಿರ್ತವೆ. ಆದ್ರೆ ಪ್ರತಿ ಸಲ ಹೊಸ ಡಿಎನ್‌ಎ ಸುತ್ತೋಕೆ ಹಿಸ್ಟೋನ್ ಬೇಕಲ್ಲ, ಅದಕ್ಕೆ ಮಳೆಗಾಲಕ್ಕೆ ಸೌದೆ ಒಟ್ಟಿದ ಹಾಗೆ ತಾಯಿ ಅಂಡಾಶಯದಲ್ಲೇ ಪ್ರೋಟೀನನ್ನೂ ಎಂಆರ್‌ಎನ್‌ಎಯನ್ನೂ ಕೂಡಿಟ್ಟಿರತ್ತೆ. ಬೇರೆ ಜೀವಕೋಶಗಳಲ್ಲಿ ಡಿಎನ್‌ಎ ನಕಲಾಗೋ ಹೊತ್ತಲ್ಲಿ ಮಾತ್ರ ಹಿಸ್ಟೋನ್ ಎಂಆರ್‌ಎನ್‌ಎ ರಾಶಿ ಇರತ್ತೆ, ಮುಗಿದ ಕೂಡ್ಲೇ ನಾಶ. ಅಂಡಾಣು ಡಿಎನ್‌ಎ ನಕಲು ಮಾಡದೆ ತಿಂಗಳುಗಟ್ಟಲೆ ಕೂತಿದ್ರೂ ಇದನ್ನ ಕಾಪಾಡ್ಕೊಂಡಿರತ್ತೆ. ನನಗೆ ಹುಚ್ಚು ಹಿಡಿಸಿದ್ದೇ ಇದು.

ಕಪ್ಪೆಗೆ ಅರಿವಳಿಕೆ ಕೊಟ್ಟು ಅಂಡಾಶಯ ತೆಗೆಯೋದು ಲೈಸೆನ್ಸ್ ಇದ್ದೋರ ಕೆಲಸ. ನನ್ನ ಕೈಗೆ ಬಂದ ಹಾಲೆಗಳನ್ನ ಚಿಕ್ಕದಾಗಿ ಹರಿದು ಕ್ಯಾಲ್ಸಿಯಂ ಇಲ್ಲದ ಬಫರಲ್ಲಿ ಕೊಲ್ಯಾಜಿನೇಸ್ ಹಾಕಿ ಮೆಲ್ಲಗೆ ಅಲ್ಲಾಡಿಸ್ತಾ ಬಿಡ್ತಿದ್ದೆ, ಸುತ್ತಲಿನ ಪೊರೆ ಬಿಟ್ಕೊಂಡು ಅಂಡಾಣುಗಳು ಬಿಡಿಬಿಡಿ ಆಗ್ತವೆ. ಮೈಕ್ರೋಸ್ಕೋಪ್ ಕೆಳಗೆ ಚಿಕ್ಕವು ಗಾಜಿನ ಥರ ಪಾರದರ್ಶಕ, ಪೂರ್ತಿ ಬೆಳೆದವು ಒಂದು ಮಿಲಿಮೀಟರಿಗಿಂತ ಸ್ವಲ್ಪ ದಪ್ಪ, ಮೇಲೆ ಕಂದು ಕೆಳಗೆ ಕೆನೆ ಬಣ್ಣ. ಹಂತದ ಪ್ರಕಾರ ಆರಿಸ್ಬೇಕು, ಕತ್ತು ನೋವು ಗ್ಯಾರಂಟಿ. ದೊಡ್ಡವುಗಳಲ್ಲಿ ಯೋಕ್ (ಭ್ರೂಣಕ್ಕೆ ಕೂಡಿಟ್ಟ ಆಹಾರ) ವಿಪರೀತ, ಹಾಗಾಗಿ ಫೀನಾಲಲ್ಲಿ ತೆಗೆದ ಆರ್‌ಎನ್‌ಎನ ಲಿಥಿಯಂ ಕ್ಲೋರೈಡ್ ಹಾಕಿ ಇನ್ನೊಂದ್ಸಲ ಇಳಿಸ್ತಿದ್ದೆ. ಇದರಿಂದ ಟಿಆರ್‌ಎನ್‌ಎಯಂಥ ಚಿಲ್ಲರೆಯೂ ಬಹಳಷ್ಟು ಹೋಗತ್ತೆ.

ಆಮೇಲೆ ಯೂರಿಯಾ ಇರೋ ಅಕ್ರಿಲಮೈಡ್ ಜೆಲ್. ಬಣ್ಣ ಹಾಕಿ ನೋಡಿದ್ರೆ ಕಾಣೋದೆಲ್ಲ ರೈಬೋಸೋಮಿಂದೇ, ಮೇಲೆ 28ಎಸ್, 18ಎಸ್, ಕೆಳಗೆ 120 ಬೇಸಿನ 5ಎಸ್, ಮಧ್ಯೆ 400–600ರ ಜಾಗ ಬರೀ ಮಬ್ಬು. ನಮ್ಮ ಮಾಲು ಆ ಮಬ್ಬಲ್ಲೇ ಇರತ್ತೆ. ಜೆಲ್ಲಿಂದ ಪೊರೆಗೆ ಇಳಿಸಿ (ಬ್ಲಾಟ್), ಎಚ್4 ಅನ್ನೋ ಹಿಸ್ಟೋನಿನ ಎಂಆರ್‌ಎನ್‌ಎಗೆ ಅಂಟೋ ಪ್ರೋಬ್ ಹಾಕಿದ್ರೆ ಅಲ್ಲಿ ಪಟ್ಟಿ ಏಳತ್ತೆ, ಆದ್ರೆ ಪ್ರೋಬ್ ಒಂದನ್ನೇ ನಂಬ್ಕೊಂಡು ಗುರುತು ಸಿಕ್ತು ಅಂತ ನಾನು ಒಪ್ಪಲ್ಲ. ಆ ಗಾತ್ರದ ಆರ್‌ಎನ್‌ಎ ಜೆಲ್ಲಿಂದ ತೆಗೆದು ಮೊಲದ ರೆಟಿಕ್ಯುಲೋಸೈಟ್ ಲೈಸೇಟಿಗೆ (ಎಳೆ ಕೆಂಪು ರಕ್ತಕಣ ಒಡೆದ ರಸ) ಕೊಟ್ಟು ಪ್ರೋಟೀನ್ ಮಾಡಿಸ್ದೆ, ಒಂದು ಟ್ಯೂಬಲ್ಲಿ ವಿಕಿರಣಶೀಲ ಲೈಸಿನ್, ಇನ್ನೊಂದರಲ್ಲಿ ಟ್ರಿಪ್ಟೋಫ್ಯಾನ್. ಹಿಸ್ಟೋನಲ್ಲಿ ಲೈಸಿನ್ ಧಾರಾಳ, ಟ್ರಿಪ್ಟೋಫ್ಯಾನ್ ಇಲ್ವೇ ಇಲ್ಲ. ಲೈಸಿನ್ ಲೇನಲ್ಲಿ ನಿಜವಾದ ಹಿಸ್ಟೋನ್‌ಗಳ ಪಕ್ಕಕ್ಕೇ ಪಟ್ಟಿಗಳು ಬಂದ್ವು, ಟ್ರಿಪ್ಟೋಫ್ಯಾನ್ ಲೇನಲ್ಲಿ ಆ ಜಾಗ ಖಾಲಿ. ಇಷ್ಟಾದ ಮೇಲೆ ಅನುಮಾನಕ್ಕೆ ಜಾಗ ಇರಲಿಲ್ಲ.

ಬಾಲದ ವಿಷಯಕ್ಕೆ ಆರ್‌ಎನ್‌ಏಸ್-ಎಚ್ ಒಳ್ಳೇ ಉಪಾಯ. ಆರ್‌ಎನ್‌ಎ ಜೊತೆ ಆಲಿಗೋ-ಡಿಟಿ ಬೆರೆಸಿದ್ರೆ ಅದು ಬಾಲಕ್ಕೆ ಮಾತ್ರ ಅಂಟ್ಕೊಳತ್ತೆ, ಈ ಎಂಜೈಮ್ ಡಿಎನ್‌ಎಗೆ ಅಂಟಿದ ಆರ್‌ಎನ್‌ಎನ ಮಾತ್ರ ಕತ್ತರಿಸತ್ತೆ. ಎಂಜೈಮ್ ಹಾಕದ ಲೇನಲ್ಲಿ ಎಚ್4 ಪಟ್ಟಿ ಮೇಲ್ಗಡೆಗೆ ಸ್ವಲ್ಪ ಎಳ್ಕೊಂಡ ಹಾಗೆ ಇತ್ತು, ಹಾಕಿದ ಲೇನಲ್ಲಿ ಆ ಎಳೆತ ಹೋಗಿ ಕೆಳಗಡೆ ಚೂಪಾಗಿ ನಿಂತಿತ್ತು. ಅಂದ್ರೆ ಬಾಲ ಇತ್ತು, ಆದ್ರೆ ಚೋಟುದ್ದ.

ಪ್ರೊಜೆಸ್ಟರಾನ್ ಹಾಕಿ ಅಂಡಾಣುಗಳನ್ನ ಬಲಿಸಿದಾಗ (ಕಂದು ಕಡೆ ಬಿಳಿ ಚುಕ್ಕೆ ಬರತ್ತೆ, ಅದೇ ಗುರುತು) ಎಂಜೈಮ್ ಇಲ್ಲದೇನೇ ಪಟ್ಟಿ ಕೆಳಗಿಳಿದಿತ್ತು, ಬಾಲ ತಾನಾಗೇ ಉದುರಿತ್ತು. ಸೈಕ್ಲಿನ್ ಬಿ, ಮಾಸ್ ಇಂಥ ಬಲಿಯೋಕೆ ಬೇಕಾದ ಪ್ರೋಟೀನ್‌ಗಳ ಎಂಆರ್‌ಎನ್‌ಎಗೆ ಈ ಹೊತ್ತಲ್ಲಿ ಬಾಲ ಉದ್ದ ಆದ್ರೇನೇ ಪ್ರೋಟೀನ್ ಆಗೋದು, ಹಿಸ್ಟೋನಿಗೆ ಉಲ್ಟಾ, ಬಾಲ ಹೋದ ಮೇಲೇ ಕೆಲಸ ಶುರು. ಮಡಿಕೆ ಹಿಡ್ಕೊಂಡಿರೋ ಪ್ರೋಟೀನೂ ಆಗಲೇ ಬದಲಾಗತ್ತೆ, ಅಂಡಾಣುವಿನ ಎಸ್‌ಎಲ್‌ಬಿಪಿ-2 ಕರಗಿ ಎಸ್‌ಎಲ್‌ಬಿಪಿ-1 ಬರತ್ತೆ. ಈಗ ಯಾರಾದ್ರೂ ಶುರು ಮಾಡೋರಿದ್ರೆ ಆರ್‌ಎನ್‌ಎಯಿಂದ ಮಾಡೋ ಡಿಎನ್‌ಎ ಪ್ರತಿಗೆ, ಅಂದ್ರೆ ಸಿಡಿಎನ್‌ಎಗೆ ರ್‍ಯಾಂಡಮ್ ಹೆಕ್ಸಾಮರ್ (ಎಲ್ಲಿ ಬೇಕಾದ್ರೂ ಅಂಟೋ ಆರು ಬೇಸಿನ ಚೂರುಗಳು) ಬಳಸಿ, ಸೀಕ್ವೆನ್ಸಿಂಗಿಗೆ ರೈಬೋಸೋಮಲ್ ಆರ್‌ಎನ್‌ಎ ತೆಗೆಯೋ ಕಿಟ್ ಕೇಳಿ, ಕಾಲಂ ಬಳಸಲೇಬೇಕಾದ್ರೆ ಹರಿದು ಬಂದ ಭಾಗನೂ ಅಂಟಿದ ಭಾಗನೂ ಎರಡನ್ನೂ ಪಕ್ಕಪಕ್ಕದ ಲೇನಲ್ಲಿ ಓಡಿಸಿ.