ಒಂದು ಬದಿ ಕೇಳೋಣ ಬನ್ನಿ

ಇಷ್ಟದ ಆಲ್ಬಮ್ಮನ್ನು ಗೆಳೆಯರಿಗೆ ದಾಟಿಸುವುದಕ್ಕೆ ನನಗೆ ಗೊತ್ತಿರುವ ದಾರಿ ಒಂದೇ. ಅವರನ್ನು ಮನೆಗೆ ಕರೆದು, ಜೊತೆಯಲ್ಲಿ ಕೂತು, ಕೊನೆತನಕ ಕೇಳುವುದು. ವಾಟ್ಸಾಪ್‌ನಲ್ಲಿ ಲಿಂಕ್ ಬಂದರೆ ನಾವು ಏನು ಮಾಡುತ್ತೇವೆ ಹೇಳಿ? ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಅರ್ಧ ನಿಮಿಷ ಕೇಳಿ, ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಮುಂದಕ್ಕೆ ಹೋಗುತ್ತೇವೆ. ಕಳಿಸಿದವರಿಗೆ ಅದು ಪ್ರಾಣ. ನಮಗೆ ಇನ್ನೊಂದು ಮೆಸೇಜು. ಇದು ನನಗೆ ಬಹಳ ಬೇಸರ ತರುತ್ತಿತ್ತು. ಅದಕ್ಕೇ ಹನುಮಂತನಗರದ ನಮ್ಮ ಮನೆಯ ಹಾಲ್‌ನಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಸೇರಿ ಕೇಳುವುದನ್ನು ಶುರು ಮಾಡಿದೆ. ಕೆಲವು ವರ್ಷಗಳಿಂದ ನಡೆದುಕೊಂಡು ಬಂದಿದೆ.

ಬರುವವರು ಆರೇಳು ಜನ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, ಅವರನ್ನು ಎಲ್ಲರೂ ಸಾರ್ ಅನ್ನುತ್ತೇವೆ. ಎರಡು ಬೀದಿ ಆಚೆ ವೀಣೆ ಕಲಿಸುವ ಮೇಡಂ. ಧಾರವಾಡದಿಂದ ಬಂದು ಇಲ್ಲಿ ನೆಲೆಸಿರುವ ಕಾಲೇಜು ಲೆಕ್ಚರರ್. ಸಾಫ್ಟ್‌ವೇರ್ ಕಂಪನಿಯ ಇಬ್ಬರು ಹುಡುಗರು. ನನ್ನ ತಂಗಿ. ಒಬ್ಬೊಬ್ಬರ ರುಚಿ ಒಂದೊಂದು. ಎಲ್ಲರದೂ ಒಂದೇ ರುಚಿಯಾಗಿದ್ದರೆ ಸೇರುವ ಅಗತ್ಯವೇ ಇರುತ್ತಿರಲಿಲ್ಲ.

ನಮ್ಮ ಮುಖ್ಯ ನಿಯಮ ಇಷ್ಟೇ: ಒಂದು ಸಲಕ್ಕೆ ಒಬ್ಬರು ಒಂದು ಬದಿ ಕೇಳಿಸಬೇಕು. ಬದಿ ಅಂದರೆ ಎಲ್‌ಪಿ ರೆಕಾರ್ಡಿನ ಒಂದು ಮುಖ. 12 ಇಂಚಿನ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಒಂದು ಬದಿಯಲ್ಲಿ 20ರಿಂದ 25 ನಿಮಿಷದ ಸಂಗೀತ ಹಿಡಿಯುತ್ತದೆ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಈ ಎಲ್‌ಪಿಯನ್ನು ತಂದಿತು. ಆಮೇಲೆ ಸಂಗೀತಗಾರರು ಇದೇ ಅಳತೆಗೆ ಆಲ್ಬಮ್ ಕಟ್ಟುವುದನ್ನು ಕಲಿತರು. ಬದಿ ಯಾವುದರಿಂದ ಶುರುವಾಗಬೇಕು, ಯಾವುದಕ್ಕೆ ಮುಗಿಯಬೇಕು ಅಂತ ಯೋಚಿಸಿ ಜೋಡಿಸಿದರು. ಹಾಗಾಗಿ ಮಧ್ಯದ ಒಂದು ಹಾಡನ್ನು ಕಿತ್ತು ಕೇಳಿಸಿದರೆ ಆ ಯೋಚನೆ ಕೈತಪ್ಪುತ್ತದೆ. ಇಡೀ ಆಲ್ಬಮ್ಮನ್ನು ಒಂದೇ ಏಟಿಗೆ ಕೇಳಿಸಿದರೆ, ಹೊಸಬರು ಇಪ್ಪತ್ತೈದನೇ ನಿಮಿಷಕ್ಕೆ ಫೋನ್ ನೋಡಲು ಶುರು ಮಾಡುತ್ತಾರೆ. ಒಂದು ಬದಿ ಮನುಷ್ಯರ ಗಮನಕ್ಕೆ ಸರಿಯಾಗಿ ಹೊಂದುತ್ತದೆ. ಸಿಡಿಯಿಂದಲೋ ಫೋನಿನಿಂದಲೋ ಕೇಳಿಸುವವರೂ ಇದೇ ಲೆಕ್ಕದಲ್ಲಿ ನಿಲ್ಲಿಸುತ್ತಾರೆ. ಆಮೇಲೆ ಕಾಫಿ. ಕಾಫಿ ಆದಮೇಲೆ ಇನ್ನೊಬ್ಬರ ಸರದಿ. ಮೂರು ಬದಿ ಮುಗಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ.

ತಂದವರು ಮೊದಲು ಎರಡೇ ನಿಮಿಷ ಮಾತಾಡಬೇಕು. ಯಾರದು, ಯಾವ ವರ್ಷದ್ದು, ತಮಗೆ ಎಲ್ಲಿ ಸಿಕ್ಕಿತು. ಅಷ್ಟು ಸಾಕು. ಕೇಳುವಾಗ ಮಾತಿಲ್ಲ. ಈ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ‘ಈಗ ನೋಡಿ, ಈಗ ಬರುತ್ತೆ’ ಅಂತ ಕೈ ಎತ್ತಿ ತೋರಿಸುವ ಆಸೆ ಎಲ್ಲರಿಗೂ ಇರುತ್ತದೆ, ಅಲ್ವಾ? ಅದು ಪ್ರೀತಿಯಿಂದಲೇ ಬರುವ ಆಸೆ. ಆದರೆ ಹಾಗೆ ತೋರಿಸಿದ ಕೂಡಲೇ ಕೇಳುವವರ ಕಿವಿ ನಮ್ಮ ಬೆರಳಿನ ಹಿಂದೆ ಹೋಗಿಬಿಡುತ್ತದೆ. ಸುಮ್ನೆ ಬಿಟ್ಟರೆ ನಮಗೆ ಕೇಳಿಸದೇ ಇದ್ದದ್ದು ಅವರಿಗೆ ಕೇಳಿಸುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಅಂದರೆ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’. ನಾನು ಅದನ್ನು ವೀಣೆ ಮೇಡಂ ಅವರನ್ನು ಮನಸ್ಸಲ್ಲಿ ಇಟ್ಟುಕೊಂಡೇ ಆರಿಸಿದ್ದೆ. ಜಾಝ್ ಅಂದರೆ ಗಡಿಬಿಡಿ, ಗದ್ದಲ ಅನ್ನುವುದು ಅವರ ಅಭಿಪ್ರಾಯ. ಈ ಆಲ್ಬಮ್ಮಿನಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛಗಳು, ಪಟಪಟ ಬದಲಾಗುವುದಿಲ್ಲ. ಒಂದು ಸ್ವರಶ್ರೇಣಿಯನ್ನು ಹಿಡಿದು, ಅದರೊಳಗೇ ಬಹಳ ಹೊತ್ತು ಓಡಾಡುತ್ತಾರೆ. ಕರ್ನಾಟಕ ಸಂಗೀತದ ಕಿವಿಗೆ ಇದು ದೂರದ್ದಲ್ಲ. ಮೊದಲ ಬದಿ ಮುಗಿದಾಗ ಮೇಡಂ ಹೇಳಿದ್ದು, ‘ಇವರಿಗೆ ಆತುರವೇ ಇಲ್ಲವಲ್ಲ. ಆಲಾಪನೆ ಮಾಡೋರ ಹಾಗೆ ಜಾಗ ಬಿಟ್ಟು ಬಿಟ್ಟು ನುಡಿಸ್ತಾರೆ.’ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ನಮ್ಮ ಸಾಫ್ಟ್‌ವೇರ್ ಹುಡುಗ ಅದೇ ಆಲ್ಬಮ್ಮಿನ ಸಿಡಿ ತಂದಿದ್ದ. ನನ್ನದು ಹಳೆಯ ಎಲ್‌ಪಿ. ಎರಡನ್ನೂ ಹಾಕಿದಾಗ ಮೇಡಂ, ‘ಶ್ರುತಿ ಒಂದೇ ಇಲ್ಲ. ರೆಕಾರ್ಡಿಂದು ಸ್ವಲ್ಪ ಮೇಲಿದೆ’ ಅಂದರು. ಪ್ಲೇಯರಿನ ಬೆಲ್ಟ್ ಮೇಲೆ ಎಲ್ಲರಿಗೂ ಅನುಮಾನ ಬಂತು. ರೆಕಾರ್ಡನ್ನು ತಿರುಗಿಸಿ ಎರಡನೇ ಬದಿ ಹಾಕಿದರೆ ಅಲ್ಲಿ ಎರಡೂ ಸರಿಯಾಗಿ ಕೂಡಿದವು. ಅಂದರೆ ಪ್ಲೇಯರಿನ ತಪ್ಪಲ್ಲ. ಈ ಆಲ್ಬಮ್ಮಿನ ಮೊದಲ ಬದಿಯ ಮೂರು ರಚನೆಗಳು 1959ರ ಮಾರ್ಚ್ 2ರಂದು ರೆಕಾರ್ಡ್ ಆದವು. ಆ ದಿನ ಮೂಲ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ಅದನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಶ್ರುತಿ ಏರಿತು. ಎರಡನೇ ಬದಿಯನ್ನು ಏಪ್ರಿಲ್ 22ರಂದು ಮಾಡಿದರು, ಅದು ಸರಿಯಾಗಿತ್ತು. ದಶಕಗಟ್ಟಲೆ ಜಗತ್ತೆಲ್ಲ ಏರಿದ ಶ್ರುತಿಯಲ್ಲೇ ಕೇಳಿತು. 1990ರ ದಶಕದ ಆವೃತ್ತಿಗಳಲ್ಲಿ ತಿದ್ದಿದರು. ನಮ್ಮ ಮೇಡಂ ಜಾಝ್ ಕೇಳಿದ ಮೊದಲ ದಿನವೇ ಇದನ್ನು ಹಿಡಿದರು. ನಾನು ಮೊದಲೇ ಈ ಕಥೆ ಹೇಳಿಬಿಟ್ಟಿದ್ದರೆ ಆ ಸಂತೋಷ ಅವರಿಗೂ ಇಲ್ಲ, ನಮಗೂ ಇಲ್ಲ.

ಹೀಗೆ ಒಬ್ಬರನ್ನು ನೆನೆದು ಆರಿಸುವುದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಅಪರೂಪದ್ದು ತಂದು ತೋರಿಸುವುದರಲ್ಲಿ ಅಂಥ ಲಾಭವಿಲ್ಲ. ಹಿಂದೂಸ್ತಾನಿ ಸಂಗೀತವನ್ನು ಕೇಳಿಯೇ ಇರದವರು ಬಂದರೆ ನಾನು 1967ರ ‘ಕಾಲ್ ಆಫ್ ದಿ ವ್ಯಾಲಿ’ ಹಾಕುತ್ತೇನೆ. ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್. ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನದ ಕಥೆಯನ್ನು ರಾಗಗಳಲ್ಲಿ ಹೇಳುತ್ತಾರೆ. ಅಹಿರ್ ಭೈರವದಿಂದ ಬೆಳಗಾಗುತ್ತದೆ, ಪಹಾಡಿಗೆ ಮುಗಿಯುತ್ತದೆ. ರಾಗದ ಹೆಸರು ಗೊತ್ತಿಲ್ಲದವರಿಗೂ ಹೊತ್ತು ಸರಿಯುವುದು ತಿಳಿಯುತ್ತದೆ.

ಧಾರವಾಡದ ಲೆಕ್ಚರರ್ ಅವರಿಗೆ ನಾನು ಕೇಳಿಸಿದ್ದು ಅವರದೇ ಊರಿನವರನ್ನು. ಗಂಗೂಬಾಯಿ ಹಾನಗಲ್. ಆ ಗಂಭೀರವಾದ, ಗಂಡು ಕಂಠದ ಹತ್ತಿರ ಬರುವ ದನಿ ಅವರಿಗೆ ಬಾಲ್ಯದಿಂದ ಪರಿಚಯ. ನಾನು ಹಾಕಿದ್ದು 1930ರ ದಶಕದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ರೆಕಾರ್ಡುಗಳಿಂದ ಸಿಡಿಗೆ ತಂದ ಹಾಡುಗಳನ್ನು. ಗಂಗೂಬಾಯಿಯವರ ಮೊದಮೊದಲ ರೆಕಾರ್ಡುಗಳಲ್ಲಿ ‘ಗಾಂಧಾರಿ’ ಅನ್ನುವ ಹೆಸರಿತ್ತು. ದನಿ ಎತ್ತರದ್ದು, ತೆಳುವಾದದ್ದು. ಲೆಕ್ಚರರ್ ಮುಂದಕ್ಕೆ ಬಾಗಿ ಕೇಳಿದರು. ಮುಗಿದ ಮೇಲೆ, ‘ಖರೇನ ಇದು ಗಂಗೂಬಾಯಿಯವರ ದನಿ ಏನ್ರಿ?’ ಅಂದರು. ಗಂಟಲಿಗೆ ಆದ ಚಿಕಿತ್ಸೆಯ ನಂತರ ಅವರ ಕಂಠ ಇಳಿಯಿತು. ದನಿ ಬದಲಾಯಿತು ಅಂತ ಅವರು ಹಾಡು ಬಿಡಲಿಲ್ಲ. ಬಂದ ದನಿಯಲ್ಲೇ ಹಿಂದೂಸ್ತಾನಿ ಸಂಗೀತದ ಪರಂಪರೆಗಳಲ್ಲಿ ಒಂದಾದ ಕಿರಾಣಾ ಘರಾಣೆಯ ಗಾಯನವನ್ನು ಕಟ್ಟಿದರು. ಕಾಫಿ ಆದಮೇಲೆ ಅವರ ನಂತರದ ವರ್ಷಗಳ ಎಲ್‌ಪಿಯ ಒಂದು ಬದಿ ಹಾಕಿದೆ. ಆ ಎರಡು ದನಿಗಳ ನಡುವೆ ಒಂದು ಬದುಕೇ ಇದೆ. ಆವತ್ತು ಮೂರನೇ ಆಲ್ಬಮ್ ಹಾಕಲು ಯಾರಿಗೂ ಮನಸ್ಸಾಗಲಿಲ್ಲ. ಕತ್ತಲಾಗುವ ತನಕ ಅವರ ಬಗ್ಗೆಯೇ ಮಾತಾಡಿದೆವು.

ಕನ್ನಡದ ಕ್ಯಾಸೆಟ್ಟುಗಳು ನಮ್ಮ ಗುಂಪಿನಲ್ಲಿ ಬೇರೆಯೇ ಜಾಗ ಪಡೆದಿವೆ. ಸಾರ್ ಹತ್ತಿರ ‘ನಿತ್ಯೋತ್ಸವ’ ಇದೆ. 1978ರಲ್ಲಿ ಬಂದದ್ದು, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿ ಅವರ ಸಂಗೀತ. ಶೀರ್ಷಿಕೆ ಗೀತೆಯನ್ನು ಶಾಲೆಯಲ್ಲಿ ಹಾಡದವರು ಯಾರಿದ್ದಾರೆ? ಆದರೆ ಕ್ಯಾಸೆಟ್ಟಿನ ಒಂದು ಬದಿಯನ್ನು ಸಾಲಾಗಿ ಕೇಳಿದವರು ನಮ್ಮಲ್ಲಿ ಸಾರ್ ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಸಮಾರಂಭದ ಹಾಡು ಅಂದುಕೊಂಡಿದ್ದು ಅವತ್ತು ಮತ್ತೆ ಕವಿತೆಯಾಗಿ ಕೇಳಿಸಿತು.

ಹುಡುಗರು ತಂದದ್ದು ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್. ಅದರಲ್ಲಿ ಶಿಶುನಾಳ ಷರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಇದೆ. ಸಾರ್‌ಗೆ ಆ ಪದ ಅಂದರೆ ಸಿ. ಅಶ್ವತ್ಥ್ ಅವರ ಕಂಠ. ಮಾತು ಸ್ವಲ್ಪ ಬಿಸಿಯಾಯಿತು. ಎರಡನ್ನೂ ಕೇಳೋಣ ಅಂದೆ. ಇಲ್ಲಿ ಒಂದು ಉಪಯೋಗದ ಮಾತು ಹೇಳಬೇಕು. ಹಳೆಯ ರೆಕಾರ್ಡಿಂಗಿಗಿಂತ ಈಚಿನದು ಸಾಮಾನ್ಯವಾಗಿ ಜಾಸ್ತಿ ಜೋರಾಗಿರುತ್ತದೆ. ಜೋರಾದದ್ದು ನಮ್ಮ ಕಿವಿಗೆ ಚೆನ್ನಾಗಿದೆ ಅನಿಸಿಬಿಡುತ್ತದೆ. ಹೋಲಿಸುವ ಮುಂಚೆ ಎರಡರ ವಾಲ್ಯೂಮನ್ನು ಸಮ ಮಾಡಿಕೊಳ್ಳಬೇಕು. ಫೋನಿನಲ್ಲಿ ಸಿಗುವ ಡೆಸಿಬೆಲ್ ಆ್ಯಪ್ ಇದಕ್ಕೆ ಸಾಕು. ಸಮ ಮಾಡಿ ಕೇಳಿದೆವು. ಅಶ್ವತ್ಥ್ ಅವರ ದನಿಯಲ್ಲಿ ಮನೆ ಸೋರುವ ಸಂಕಟ ನೇರವಾಗಿ ಎದೆಗೆ ಬಡಿಯುತ್ತದೆ. ರಘು ಅವರದ್ದರಲ್ಲಿ ಅದೇ ಪದ ಬ್ಯಾಂಡಿನ ತಾಳಕ್ಕೆ ಹೆಜ್ಜೆ ಹಾಕುತ್ತದೆ. ಯಾರೂ ಪಕ್ಷ ಬದಲಿಸಲಿಲ್ಲ. ಆದರೆ ಹುಡುಗರು ಹೋಗುವಾಗ ಸಾರ್ ಹತ್ತಿರ ಅಶ್ವತ್ಥ್ ಕ್ಯಾಸೆಟ್ ಕೇಳಿ ಇಸಿದುಕೊಂಡು ಹೋದರು.

ನಾವು ಅಂಕ ಕೊಡುವುದಿಲ್ಲ, ಒಳ್ಳೆಯದು ಕೆಟ್ಟದ್ದು ಅಂತ ಪಟ್ಟಿ ಮಾಡುವುದಿಲ್ಲ. ಅಂಕ ಬರುತ್ತದೆ ಅಂದರೆ ಜನ ಗೆಲ್ಲುವಂಥದ್ದನ್ನೇ ತರುತ್ತಾರೆ.

ಇನ್ನು ಸಾಮಾನಿನ ವಿಷಯ. ದುಬಾರಿ ಸಿಸ್ಟಮ್ ಬೇಕಿಲ್ಲ. ನನ್ನದು ಸೆಕೆಂಡ್‌ಹ್ಯಾಂಡ್ ರೆಕಾರ್ಡ್ ಪ್ಲೇಯರ್, ಹಳೆಯ ಆಂಪ್ಲಿಫೈಯರ್, ಎರಡು ಸ್ಪೀಕರ್. ಸ್ಪೀಕರ್ ಎಲ್ಲಿ ಇಡುತ್ತೇವೆ ಅನ್ನುವುದು ಅದರ ಬೆಲೆಗಿಂತ ಮುಖ್ಯ. ಗೋಡೆಗೆ ಅಂಟಿಸಿ ಇಟ್ಟರೆ, ಅದರಲ್ಲೂ ಮೂಲೆಗೆ ತಳ್ಳಿದರೆ, ಮಂದ್ರದ ಸದ್ದು ಊದಿಕೊಂಡು ಮಿಕ್ಕದ್ದನ್ನು ಮುಚ್ಚುತ್ತದೆ. ಒಂದೆರಡು ಅಡಿ ಮುಂದಕ್ಕೆ ತನ್ನಿ. ಎರಡು ಸ್ಪೀಕರ್ ಮತ್ತು ಕೂರುವ ಜಾಗ, ಮೂರರ ನಡುವಿನ ದೂರವೂ ಸುಮಾರು ಒಂದೇ ಇರಲಿ. ಹೊಸದಾಗಿ ಬಂದವರನ್ನು ನಾವು ಆ ಮಧ್ಯದ ಜಾಗದಲ್ಲೇ ಕೂರಿಸುತ್ತೇವೆ. ನಮ್ಮ ಹಾಲಿನ ನೆಲ ಮೊಸಾಯಿಕ್, ಸದ್ದು ಚಿಮ್ಮುತ್ತದೆ. ಒಂದು ಜಮಖಾನ ಹಾಸಿದ ಮೇಲೆ ಬಹಳ ಸರಿಹೋಯಿತು. ಫೋನಿನಿಂದ ಕೇಳಿಸುವವರಿಗೆ ಮೂರು ಮಾತು: ಷಫಲ್ ಆಫ್ ಮಾಡಿ, ಒಂದು ಹಾಡನ್ನು ಇನ್ನೊಂದಕ್ಕೆ ಬೆರೆಸುವ ಕ್ರಾಸ್‌ಫೇಡ್ ಆಫ್ ಮಾಡಿ, ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಮಧ್ಯದಲ್ಲಿ ಕರೆ ಬಂದರೆ ಎಲ್ಲರ ಕೇಳ್ಮೆಯೂ ಮುರಿಯುತ್ತದೆ, ಫ್ಲೈಟ್ ಮೋಡ್ ಹಾಕಿಬಿಡಿ.

ರೆಕಾರ್ಡುಗಳನ್ನು ನಾನು ಜಾಸ್ತಿ ಕೊಂಡದ್ದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಸುತ್ತಿನ ಸಂಡೆ ಬಜಾರಿನಲ್ಲಿ. ಬೆಳಿಗ್ಗೆ ಬೇಗ ಹೋಗಬೇಕು. ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಣ್ಣಿಗೆ ಮಾತ್ರ ಕಾಣುವ ಸಣ್ಣ ಗೀರುಗಳಿಗೆ ಹೆದರಬೇಡಿ. ಬೆರಳಿಗೆ ಸಿಗುವ ಗೀರು ಇದ್ದರೆ ಪ್ರತಿ ಸುತ್ತಿಗೂ ಟಿಕ್ ಅನ್ನುತ್ತದೆ, ಬಿಡಿ. ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚು ಸೊಟ್ಟಗಾಗಿದೆಯಾ ನೋಡಿ. ಬಿಸಿಲಿನಲ್ಲಿ ಹರವಿಟ್ಟ ರೆಕಾರ್ಡು ಬಾಗಿರುವುದು ಸಾಮಾನ್ಯ. ಮನೆಗೆ ತಂದ ಮೇಲೆ ಡಿಸ್ಟಿಲ್ಡ್ ವಾಟರ್‌ಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆಯ ಬಟ್ಟೆಯಿಂದ ಗೆರೆಗಳ ದಿಕ್ಕಿನಲ್ಲೇ ಒರೆಸಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ ಒರೆಸಿ. ನಡುವಿನ ಲೇಬಲ್ ನೆನೆಯಬಾರದು. ನಿಲ್ಲಿಸಿಯೇ ಇಡಿ, ಒಂದರ ಮೇಲೊಂದು ಪೇರಿಸಬೇಡಿ.

ಕೊಟ್ಟು ತರುವುದಕ್ಕೆ ಒಂದು ನೋಟ್‌ಬುಕ್ ಇದೆ. ಯಾರು ಏನು ಒಯ್ದರು, ಯಾವ ತಾರೀಕು. ಪಕ್ಕದಲ್ಲಿ ಹಿಂತಿರುಗಿಸುವಾಗ ಒಂದು ಸಾಲು ಬರೆಯಬೇಕು, ಕೇಳಿ ಏನನಿಸಿತು ಅಂತ. ಆ ಸಾಲುಗಳನ್ನು ಓದುವುದೆಂದರೆ ನನಗೆ ಹಬ್ಬ.

ಮುಂದಿನ ತಿಂಗಳು ಸಾರ್ ತಮ್ಮ ತಂದೆಯವರ ಕಾಲದ ರಂಗಗೀತೆಗಳ 78 ರೆಕಾರ್ಡುಗಳನ್ನು ತರುತ್ತಾರೆ. ಅವರು ಇವತ್ತಿಗೂ ‘ಪ್ಲೇಟು’ ಅಂತಲೇ ಅನ್ನುವುದು. ಒಂದು ಬದಿಗೆ ಸುಮಾರು ಮೂರೇ ನಿಮಿಷ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಇಂಥದೇ ಮೂರು ನಿಮಿಷಕ್ಕೆ ಇಡೀ ರಾಗವನ್ನು ಹಿಡಿಸಿ, ಕೊನೆಯಲ್ಲಿ ತಮ್ಮ ಹೆಸರು ಹೇಳಿ ಮುಗಿಸುತ್ತಿದ್ದರು. ಆಕೆ 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲೇ. ನನ್ನ ಪ್ಲೇಯರಿನಲ್ಲಿ 78ರ ವೇಗವಿಲ್ಲ. ಆ ಪ್ಲೇಟುಗಳ ಗೆರೆ ಅಗಲ, ಎಲ್‌ಪಿ ಸೂಜಿ ಹಾಕಿದರೆ ತಳಕ್ಕೆ ಇಳಿದು ಬರೀ ಕರಕರ ಕೇಳಿಸುತ್ತದೆ. ಸುಮಾರು ನಾಲ್ಕು ಪಟ್ಟು ದಪ್ಪ ತುದಿಯ ಸೂಜಿ ಬೇಕು. ವೀಣೆ ಮೇಡಂ ಅವರ ನೆಂಟರ ಮನೆಯ ಅಟ್ಟದ ಮೇಲೆ ಮೂರು ವೇಗದ ಹಳೆಯ ಪ್ಲೇಯರ್ ಒಂದು ಇದೆಯಂತೆ. ಈ ಶನಿವಾರ ಹುಡುಗರೂ ನಾನೂ ಹೋಗಿ ಇಳಿಸಿಕೊಂಡು ಬರುತ್ತೇವೆ.